ಬಟ್ಟೆ ಬದಲಿಸುವ ಕೋಣೆಯೂ ಮಕ್ಕಳ ಮಾನವೂ

ಇಂಥ ಸ್ಮರಣಸಂಚಿಕೆಯಲ್ಲಿ ಹಳೆಯ ಗುರುಗಳ ಗುಣಸ್ಮರಣೆಯನ್ನೋ ಸ್ತ್ರೀವಿದ್ಯಾಭ್ಯಾಸದ ಪ್ರಯೋಜನವನ್ನೋ ಕುರಿತು ಬರೆಯುವುದು ವಾಡಿಕೆ. ನಾನು ಬಟ್ಟೆ ಬದಲಿಸುವ ಕೋಣೆಯ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು ಕೆಲವರು ಹುಬ್ಬುಗಂಟಿಕ್ಕಬಹುದು. ಆದರೆ ನಮ್ಮ ಸಂಘವು ಆಟದ ಬಯಲಿನ ಪಕ್ಕದಲ್ಲಿ ಮಕ್ಕಳಿಗೋಸ್ಕರ ಅಂಥದೇ ಒಂದು ಕೋಣೆಯನ್ನು ಕಟ್ಟಿಸಲು ಚಂದಾ ಎತ್ತುತ್ತಿರುವಾಗ, ಅದು ಹೇಗಿರಬೇಕೆಂಬುದನ್ನು ತಳಪಾಯ ಹಾಕುವುದಕ್ಕೆ ಮೊದಲೇ ಆಲೋಚಿಸುವುದು ಯುಕ್ತವೆಂದು ತೋರಿತು.

ಕಳೆದ ಸಭೆಯಲ್ಲಿ ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ತಾಯಿಯೊಬ್ಬರು, “ಹೆಣ್ಣಾಗಿ ಹುಟ್ಟದವರು ತಾವು ಹೆಣ್ಣೆಂದು ಹೇಳಿಕೊಂಡು ಈ ಕೋಣೆಗೆ ಬರುವ ಕಾಲ ಬಂದರೆ ನಮ್ಮ ಮಕ್ಕಳ ಗತಿಯೇನಮ್ಮ?” ಎಂದು ಕೇಳಿದರು. ಈಚೆಗೆ ಓದು ಮುಗಿಸಿದ ಹುಡುಗಿಯೊಬ್ಬಳು, “ಹಾಗೆ ಬರುವವರೂ ಯಾರೋ ಒಬ್ಬರ ಮಕ್ಕಳೇ ಅಲ್ಲವೇ, ಅಮ್ಮ?” ಎಂದಳು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಆದರೂ ಸಭೆಯು ಎರಡು ಪಕ್ಷವಾಗಿ ಒಡೆದು, ಚರ್ಚೆ ಮುಗಿಯದೆ ಎದ್ದುಹೋದೆವು. ಅಲ್ಲಿ ಹೇಳಲಾಗದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಹಳೆಯ ನೆನಪು. ನಾನು ಭೀಮನಬೀಡಿನಿಂದ ಬಂದು ಬೋರ್ಡಿಂಗಿನಲ್ಲಿ ಸೇರಿದ ವರ್ಷ ಬಚ್ಚಲಿಗೆ ಬಾಗಿಲಿರಲಿಲ್ಲ. ತೆಂಗಿನ ಗರಿಯ ತಟ್ಟಿಯೊಂದಿತ್ತು. ಅದರಲ್ಲಿ ಅಲ್ಲಲ್ಲಿ ಕಿಂಡಿಗಳು ಬಿದ್ದಿದ್ದವು. ಊರಿನಲ್ಲಿ ಅರಿಸಿನದ ಹೊಲದಿಂದ ಮಣ್ಣುಮೈಯಲ್ಲಿ ಬಂದು ಕತ್ತಲಾದ ಮೇಲೆ ಹಿತ್ತಿಲಲ್ಲಿ ಸೀರೆಯ ಮರೆಮಾಡಿಕೊಂಡು ಮೀಯುವ ಹೆಂಗಸರನ್ನು ನೋಡಿ ಬೆಳೆದವಳಾದರೂ, ಅಷ್ಟು ಮಂದಿ ಅಪರಿಚಿತ ಹುಡುಗಿಯರ ಮುಂದೆ ಮೈಬಟ್ಟೆ ಸಡಿಲಿಸುವುದು ನನಗೆ ಸಂಕಟವಾಗಿತ್ತು. ಇದನ್ನು ಅರಿತ ಹಿರಿಯ ವಿದ್ಯಾರ್ಥಿನಿಯೊಬ್ಬಳು ಪ್ರತಿದಿನವೂ ತಟ್ಟಿಯ ಬಾಯಿಗೆ ಬೆನ್ನು ತಿರುಗಿಸಿ ನಿಂತು, “ನೀನು ಮೀಯಮ್ಮ, ಯಾರೂ ಇತ್ತ ನೋಡುವುದಿಲ್ಲ” ಎನ್ನುತ್ತಿದ್ದಳು. ಅಲ್ಲಿದ್ದವರೆಲ್ಲರೂ ಹುಡುಗಿಯರೇ, ಆದರೂ ನನ್ನ ಮಾನವನ್ನು ಕಾಪಾಡಿದ್ದು ಆ ಕೋಣೆಯ ಹೆಸರಲ್ಲ, ಆ ಅಕ್ಕನ ತಿರುಗಿಸಿದ ಬೆನ್ನು. ನನ್ನ ಅಭಿಪ್ರಾಯವೆಲ್ಲವೂ ಇಷ್ಟರಲ್ಲಿಯೇ ಅಡಗಿದೆ.

ಹೆಣ್ಣುಮಕ್ಕಳಿಗೆ ಪ್ರತ್ಯೇಕವಾದ ಕೋಣೆ ಬೇಡವೆಂದು ಹೇಳುವವಳು ನಾನಲ್ಲ. ಅದನ್ನು ಸಂಪಾದಿಸಲು ನಮ್ಮ ದೇಶದ ಹೆಂಗಸರು ಪಟ್ಟ ಪಾಡು ಅಲ್ಪವಲ್ಲ. ನಮ್ಮ ನೆರೆಯ ತಿರುವಾಂಕೂರಿನಲ್ಲಿ ನಾಡಾರ್ ಸ್ತ್ರೀಯರಿಗೆ ಎದೆಯ ಮೇಲೆ ಬಟ್ಟೆ ಹೊದೆಯುವ ಅಪ್ಪಣೆ ರಾಜಾಜ್ಞೆಯಿಂದ ದೊರೆತದ್ದು 1859ರಲ್ಲಿ. ಅದಕ್ಕೆ ಮುಂಚೆ ಹಲವು ವರ್ಷಗಳ ಕಾಲ ಗಲಭೆ, ಹೊಡೆತ, ಅವಮಾನಗಳನ್ನು ಅವರು ಸಹಿಸಬೇಕಾಯಿತು. ಮೈ ಮುಚ್ಚಿಕೊಳ್ಳುವ ಗೌರವವು ಮೇಲಿನವರಿಗೆ ಮಾತ್ರ ಸಲ್ಲತಕ್ಕದ್ದು, ಬಡವರಿಗೆ ಅದೇಕೆ ಎಂಬ ಭಾವನೆ ಅಂದು ಇತ್ತು. ನಮ್ಮ ಕಾಲಕ್ಕೆ ಬಂದರೆ, 2009ರ ಶಿಕ್ಷಣ ಹಕ್ಕಿನ ಶಾಸನವು ಶಾಲೆಗಳಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆಬೇರೆ ಶೌಚಾಲಯವಿರಬೇಕೆಂದು ವಿಧಿಸಿದ ಮೇಲೆಯೂ, 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು 6 ತಿಂಗಳೊಳಗೆ ಅವನ್ನು ಒದಗಿಸಿರೆಂದು ಸರ್ಕಾರಗಳಿಗೆ ಆಜ್ಞೆ ಮಾಡಬೇಕಾಯಿತು. ಮರೆಯಿಲ್ಲದ ಶಾಲೆಯನ್ನು ಋತುಮತಿಯಾದ ಹುಡುಗಿ ಬಿಟ್ಟುಬಿಡುವಳೆಂಬುದು ಉಪಾಧ್ಯಾಯಿನಿಯರಿಗೆಲ್ಲ ಗೊತ್ತಿರುವ ಸಂಗತಿ. ಆದಕಾರಣ ಆ ತಾಯಿಯ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಇನ್ನು ಎರಡನೆಯ ಮಗುವಿನ ವಿಷಯ. ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಬೇರೊಂದು ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದಾಗ 9ನೆಯ ತರಗತಿಯಲ್ಲಿ ಖೋಖೋ ಆಟದಲ್ಲಿ ಬಹು ಚುರುಕಾದ ಮಗುವೊಂದಿತ್ತು. ದಾಖಲೆಯಲ್ಲಿ ಹುಡುಗಿ, ನಡೆ, ನುಡಿ, ಮನಸ್ಸು ಹುಡುಗನದು. ಆ ಮಗು ಇತರರೊಡನೆ ಬಟ್ಟೆ ಬದಲಿಸಲು ಎಂದೂ ಒಪ್ಪುತ್ತಿರಲಿಲ್ಲ. ಆಟದ ಉಡುಪನ್ನು ಲಂಗದ ಕೆಳಗೆ ತೊಟ್ಟುಕೊಂಡೇ ಮನೆಯಿಂದ ಬರುತ್ತಿತ್ತು. ಇದನ್ನು ಮೊಂಡುತನವೆಂದು ಬಗೆದು ನಾನು ಒಂದು ದಿನ ಎಲ್ಲರ ಮುಂದೆ ಗದರಿಸಿ, “ಎಲ್ಲರಂತೆ ನೀನೂ ಒಳಗೆ ಹೋಗಿ ಬದಲಿಸು” ಎಂದೆ. ಒಳಗೆ ಹುಡುಗಿಯರು ನಕ್ಕರು. ಮರುದಿನದಿಂದ ಆ ಮಗು ಆಟಕ್ಕೆ ಬರಲಿಲ್ಲ. ತಿಂಗಳು ಕಳೆಯುವುದರೊಳಗೆ ಶಾಲೆಗೂ ಬರಲಿಲ್ಲ. ಅನೇಕ ವರ್ಷಗಳ ಮೇಲೆ ಮೈಸೂರಿನ ಬಸ್ ನಿಲ್ದಾಣದಲ್ಲಿ ಗಂಡುಡುಪಿನ ವ್ಯಕ್ತಿಯೊಬ್ಬರು “ನಮಸ್ಕಾರ, ಮಿಸ್” ಎಂದು ನನ್ನ ಮುಂದೆ ನಿಂತರು. ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಅವರಿಗೆ ನನ್ನ ಮೇಲೆ ಕೋಪವಿರಲಿಲ್ಲ. “ಅಂದು ಒಂದು ಬಾಗಿಲು ಇದ್ದಿದ್ದರೆ ಎಸ್.ಎಸ್.ಎಲ್.ಸಿ. ಮುಗಿಸುತ್ತಿದ್ದೆ, ಮಿಸ್” ಎಂದಷ್ಟೇ ಹೇಳಿದರು. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ಇಂಥವರು ನಮ್ಮಲ್ಲಿ ಹೊಸಬರಲ್ಲ. ಉತ್ತರ ಕರ್ನಾಟಕದಲ್ಲಿ ಯಲ್ಲಮ್ಮನ ಸೇವೆಗೆ ನಿಂತ ಜೋಗಪ್ಪಗಳನ್ನೂ, ನಮ್ಮ ಪೇಟೆಗಳಲ್ಲಿ ಮಂಗಳಮುಖಿಯರನ್ನೂ ಎಲ್ಲರೂ ಕಂಡಿದ್ದೇವೆ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬೆರಡರ ಜೊತೆಗೆ ‘ಇತರರು’ ಎಂದು ಬರೆಸಿದವರು ದೇಶದಲ್ಲಿ ಸುಮಾರು 4.88 ಲಕ್ಷ, ನಮ್ಮ ರಾಜ್ಯದಲ್ಲಿ 20 ಸಾವಿರಕ್ಕೆ ಮೇಲ್ಪಟ್ಟು. ಅವರಲ್ಲಿ ಅಕ್ಷರ ಬಲ್ಲವರು ನೂರಕ್ಕೆ 56 ಮಂದಿ. ಆಗ ದೇಶದ ಸರಾಸರಿ ನೂರಕ್ಕೆ ಸುಮಾರು 73. ಈ ಅಂತರದಲ್ಲಿ ನನ್ನಂಥ ಉಪಾಧ್ಯಾಯಿನಿಯರ ಗದರಿಕೆಯ ಪಾಲೂ ಇದ್ದೀತು. ಹುಡುಗನೆಂದು ಶಾಲೆಗೆ ಸೇರಿಸಲ್ಪಟ್ಟು ಬಹು ಕಷ್ಟಗಳನ್ನು ಉಂಡ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಮುಂದೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಅಂಥ ಧೈರ್ಯ ಎಲ್ಲ ಮಕ್ಕಳಿಗೂ ಇರಬೇಕೆಂದು ನಿರೀಕ್ಷಿಸುವುದು ನಿರ್ದಯೆ.

ನ್ಯಾಯಸ್ಥಾನವೂ ಇವರ ಮೊರೆಯನ್ನು ಕೇಳಿದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತನ್ನ ಲಿಂಗವನ್ನು ತಾನೇ ಗುರುತಿಸಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ತೀರ್ಪಿತ್ತು, ತೃತೀಯಲಿಂಗಿಗಳಿಗೆ ಪ್ರತ್ಯೇಕ ಸಾರ್ವಜನಿಕ ಶೌಚಾಲಯಗಳನ್ನು ಒದಗಿಸಿರೆಂದು ಸರ್ಕಾರಗಳಿಗೆ ಆದೇಶಿಸಿತು. 2017ರ ಸ್ವಚ್ಛ ಭಾರತದ ಸೂಚನೆಗಳಾದರೋ, ಗಂಡಸರದೋ ಹೆಂಗಸರದೋ ತಮಗೆ ಸರಿತೋರಿದ ಶೌಚಾಲಯವನ್ನು ಅವರು ಬಳಸಲು ಬಿಡಬೇಕೆಂದು ಹೇಳಿದವು. 2019ರ ಶಾಸನವು ವಿದ್ಯಾಸಂಸ್ಥೆಗಳು ಪಾಠದಲ್ಲಿಯೂ ಆಟದಲ್ಲಿಯೂ ಅವರಿಗೆ ಭೇದವೆಣಿಸಬಾರದೆಂದು ವಿಧಿಸಿತು. ಆದರೆ 2021ರಲ್ಲಿ ಎನ್.ಸಿ.ಇ.ಆರ್.ಟಿ.ಯು ಇಂಥ ಮಕ್ಕಳನ್ನು ಶಾಲೆಯಲ್ಲಿ ನೋಡಿಕೊಳ್ಳುವ ಬಗೆಯನ್ನು ಕುರಿತು ಉಪಾಧ್ಯಾಯರಿಗಾಗಿ ಸಿದ್ಧಪಡಿಸಿದ ಕೈಪಿಡಿಯು ಆಕ್ಷೇಪಣೆಗಳು ಬಂದೊಡನೆ ಹಿಂತೆಗೆಯಲ್ಪಟ್ಟಿತು. ಅದು ಎತ್ತಿದ ವಿಷಯಗಳಲ್ಲಿ ಶೌಚಾಲಯದ ಮಾತೂ ಒಂದಾಗಿತ್ತು.

ಈ ವ್ಯಾಜ್ಯವು ಹೊರದೇಶಗಳಲ್ಲಿಯೂ ಇದೆ. 2025ರ ಏಪ್ರಿಲ್ 16ರಂದು ವಿಲಾಯಿತಿಯ ಸುಪ್ರೀಂ ಕೋರ್ಟು, ಆ ದೇಶದ 2010ರ ಸಮಾನತಾ ಶಾಸನದಲ್ಲಿ ‘ಸ್ತ್ರೀ’ ಎಂದರೆ ಹುಟ್ಟಿನಿಂದ ಸ್ತ್ರೀಯಾದವಳೆಂದೇ ಅರ್ಥವೆಂದು ತೀರ್ಮಾನಿಸಿತು. ಲಿಂಗಾಂತರ ಹೊಂದಿದವರಿಗೆ ಅದೇ ಶಾಸನ ಕೊಟ್ಟಿರುವ ಇತರ ರಕ್ಷಣೆಗಳು ಇದರಿಂದ ಹೋಗುವುದಿಲ್ಲವೆಂದೂ ಹೇಳಿತು. ಬಾಗಿಲ ಮೇಲೆ ಬರೆದ ಪದಕ್ಕೆ ಅರ್ಥವೇನೆಂದು ದೊಡ್ಡ ದೊಡ್ಡ ಪಂಡಿತರು ವಾದಿಸಲಿ. ಬಾಗಿಲ ಒಳಗೆ ಏನಿದೆಯೆಂಬುದನ್ನು ನಾವು ನೋಡೋಣ.

ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದು 2024ರಲ್ಲಿ ದಿವಂಗತರಾದ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು 9 ಮಂದಿ ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. ಆ ಹಕ್ಕು ಪ್ರತಿಯೊಬ್ಬ ವ್ಯಕ್ತಿಯದು. ಹೆಂಗಸರ ಗುಂಪಿಗೆಂದು ಒಂದು ಕೋಣೆಯನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ಅದರೊಳಗಿನ ಒಬ್ಬೊಬ್ಬಳಿಗೂ ಮರೆ ದೊರೆತಂತಾಗುವುದಿಲ್ಲ. 2023ರ ಜುಲೈನಲ್ಲಿ ಉಡುಪಿಯ ಕಾಲೇಜೊಂದರ ಹುಡುಗಿಯರ ಶೌಚಾಲಯದಲ್ಲಿ ಸಹಪಾಠಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದರೆಂಬ ಆರೋಪದ ಮೇಲೆ ಪ್ರಕರಣ ದಾಖಲಾದುದು ಮೂವರು ವಿದ್ಯಾರ್ಥಿನಿಯರ ಮೇಲೆಯೇ. ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಬಾಗಿಲ ಮೇಲಿನ ಹೆಸರು ಏನು ತಾನೇ ಮಾಡೀತು?

ಬಾಗಿಲಲ್ಲಿ ನಿಂತು ‘ನೀನು ಹೆಣ್ಣೇ?’ ಎಂದು ವಿಚಾರಿಸುವ ಪದ್ಧತಿಯೂ ಹೆಣ್ಣುಮಕ್ಕಳಿಗೆ ರಕ್ಷಣೆಯಲ್ಲ. ನೆರೆಯ ತಮಿಳುನಾಡಿನ ಬಡ ಕುಟುಂಬದ ಹುಡುಗಿ ಶಾಂತಿ ಸೌಂದರರಾಜನ್ ಅವರು 2006ರ ದೋಹಾ ಏಷ್ಯನ್ ಕ್ರೀಡೆಗಳಲ್ಲಿ 800 ಮೀಟರ್ ಓಟದಲ್ಲಿ ಗೆದ್ದ ಬೆಳ್ಳಿಪದಕವನ್ನು ಲಿಂಗಪರೀಕ್ಷೆಯ ಕಾರಣದಿಂದ ಕಳೆದುಕೊಂಡರು. ಹುಟ್ಟಿದಂದಿನಿಂದ ಹೆಣ್ಣಾಗಿಯೇ ಬೆಳೆದ ಅವರ ಮೈಯ ವಿಚಾರ ಪತ್ರಿಕೆಗಳಲ್ಲೆಲ್ಲ ಚರ್ಚೆಯಾಯಿತು. ಶಾಲೆಯಲ್ಲಿ ಇಂಥ ವಿಚಾರಣೆ ಆರಂಭವಾದರೆ ಮೊದಲು ನೋಯುವವಳು ಗಂಟಲು ದಪ್ಪವಾದ, ಕೂದಲು ಮೋಟಾದ, ಮೈಬೆಳೆಯದ ನಮ್ಮ ನಿಮ್ಮ ಮನೆಯ ಹುಡುಗಿಯೇ.

ಆದಕಾರಣ ನನ್ನ ಅಭಿಪ್ರಾಯವಿದು. ಎಲ್ಲರೂ ಒಬ್ಬರ ಮುಂದೊಬ್ಬರು ಬಟ್ಟೆ ಬಿಚ್ಚಬೇಕಾದ ತೆರೆದ ಹಜಾರವೇ ತಪ್ಪಾದುದು. ಅಂಥ ಹಜಾರದೊಳಕ್ಕೆ ಬೇರೆ ಮೈಯುಳ್ಳವರನ್ನು ಬಿಟ್ಟು ‘ನಾಚಬೇಡಿ’ ಎಂದು ಹುಡುಗಿಯರಿಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ಆ ಮಗುವನ್ನು ಹೊರಗೆ ನಿಲ್ಲಿಸಿ ‘ನೀನು ಆಡಬೇಡ’ ಎಂದು ಹೇಳುವ ಅಧಿಕಾರವೂ ಇಲ್ಲ. ಒಬ್ಬರ ನಾಚಿಕೆಯನ್ನು ಮಾರಿ ಇನ್ನೊಬ್ಬರ ನಾಚಿಕೆಯನ್ನು ಕೊಳ್ಳಬೇಕಾಗಿ ಬಂದುದಕ್ಕೆ ಗೋಡೆಯ ಕೊರತೆ ಕಾರಣವೇ ಹೊರತು ಮಕ್ಕಳ ದೋಷವಲ್ಲ. ಆ ಹಜಾರವನ್ನೇ ಒಬ್ಬೊಬ್ಬರು ನಿಲ್ಲುವಷ್ಟು ಸಣ್ಣ ಸಣ್ಣ ಗೂಡುಗಳಾಗಿ ಹಂಚಿ, ನೆಲ ಮುಟ್ಟುವ ಬಾಗಿಲನ್ನೂ ಒಳಗಿನಿಂದ ಹಾಕುವ ಅಗಳಿಯನ್ನೂ ಇಡಬೇಕು. ಇದಲ್ಲದೆ ಹೊರಗಡೆಯಿಂದಲೇ ಪ್ರವೇಶವಿರುವ ಪೂರ್ಣವಾದ ಕೋಣೆಯೊಂದಿರಲಿ. ಅದಕ್ಕೆ ಯಾವ ಹೆಸರೂ ಬೇಡ. ಋತುವಾದ ಹುಡುಗಿಗಾಗಲಿ, ಮೈಮೇಲೆ ಸುಟ್ಟಗಾಯದ ಕಲೆಯುಳ್ಳವಳಿಗಾಗಲಿ, ಕಾಲಿಲ್ಲದವಳಿಗಾಗಲಿ, ನಾನು ಗದರಿಸಿದಂಥ ಮಗುವಿಗಾಗಲಿ, ಕಾರಣವನ್ನು ಕೇಳದೆ ಅದರ ಬೀಗದ ಕೈಯನ್ನು ಕೊಡತಕ್ಕದ್ದು. ಮೊಬೈಲು ಒಳಗೆ ಹೋಗಕೂಡದು. ಮಗುವೊಂದು ತನ್ನ ವಿಷಯವನ್ನು ಉಪಾಧ್ಯಾಯಿನಿಗೆ ಹೇಳಿಕೊಂಡರೆ ಅದು ಸ್ಟಾಫ್ ರೂಮಿನ ಹರಟೆಯಾಗಕೂಡದು.

ಇದಕ್ಕೆ ಆಕ್ಷೇಪಣೆಗಳು ಬರುವುದು ಸಹಜ. ವೇಷಧಾರಿಯಾದ ದುಷ್ಟನೊಬ್ಬನು ನುಗ್ಗಿದರೆ ಏನು ಮಾಡುವುದೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ನೋಡುವ, ಮುಟ್ಟುವ, ಹೆದರಿಸುವ ನಡತೆಗೆ, ಅದು ಯಾರದೇ ಆಗಿರಲಿ, ಕಠಿಣ ಶಿಕ್ಷೆಯಾಗಬೇಕು, ಅಂಥವನನ್ನು ಎದುರಿಸಲು ಅಗಳಿಯುಳ್ಳ ಬಾಗಿಲು ಬರಿಯ ನಾಮಫಲಕಕ್ಕಿಂತ ಬಲವಾದುದು. ಬೇರೆ ಕೋಣೆ ಕೊಟ್ಟರೆ ಆ ಮಗುವನ್ನು ಬೇರ್ಪಡಿಸಿದಂತೆಯೇ ಆಗಲಿಲ್ಲವೇ ಎಂದು ನಮ್ಮ ಕಿರಿಯ ಸೋದರಿಯರು ಕೇಳಬಹುದು. ಆ ಮಗುವಿಗೆ ಮಾತ್ರವೇ ಕೊಟ್ಟರೆ ಹಾಗಾಗುವುದು ನಿಜ. ಬೇಕಾದವರೆಲ್ಲರೂ ಬಳಸುವ ಕೋಣೆಯಾದರೆ ಯಾರು ಯಾವ ಕಾರಣದಿಂದ ಹೋದರೆಂಬುದು ಯಾರಿಗೂ ತಿಳಿಯದು. ಖರ್ಚು ಹೆಚ್ಚಾಗುವುದೆಂಬ ಮಾತನ್ನು ಮಾತ್ರ ನಾನು ಒಪ್ಪುವೆನು. ಇಟ್ಟಿಗೆಗೂ ಬಾಗಿಲಿಗೂ ಹಣ ಬೇಕು. ಹಾಗಾದರೆ ವಾರ್ಷಿಕೋತ್ಸವದ ಶಾಮಿಯಾನ, ಹಾರ, ಫಲಕಗಳಲ್ಲಿ ಸ್ವಲ್ಪ ಉಳಿಸೋಣ.

ಪ್ರಿಯ ಸೋದರಿಯರೇ, ನಾವು ಓದಿದ ಕಾಲದಲ್ಲಿ ಶಾಲೆಗೆ ಬಾಗಿಲನ್ನು ಒದಗಿಸುವಷ್ಟು ಅನುಕೂಲವಿರಲಿಲ್ಲ. ಆದರೆ ಬೆನ್ನು ತಿರುಗಿಸಿ ನಿಲ್ಲುವ ಅಕ್ಕಂದಿರಿದ್ದರು. ಈಗ ಅನುಕೂಲವಿದೆ. ಮುಂದಿನ ಸಭೆಯಲ್ಲಿ ಆ ನಕ್ಷೆಯನ್ನು ಮತ್ತೆ ಬಿಚ್ಚಿದಾಗ, ಒಂದೇ ಹಜಾರವನ್ನು ತೋರಿಸುವ ಆ ಗೆರೆಗಳ ನಡುವೆ ಇನ್ನೂ ಕೆಲವು ಗೆರೆಗಳನ್ನು ಎಳೆಸಬೇಕೆಂದು ನಾನು ಸೂಚಿಸುವವಳಿದ್ದೇನೆ. ಒಂದು ಬಾಗಿಲಿನ ವೆಚ್ಚವನ್ನು, ಬಸ್ ನಿಲ್ದಾಣದಲ್ಲಿ ನನಗೆ ನಮಸ್ಕರಿಸಿದ ಆ ವಿದ್ಯಾರ್ಥಿಯ ಸ್ಮರಣೆಗಾಗಿ, ನಾನೇ ಕೊಡುವೆನು. ಉಳಿದವುಗಳನ್ನು ತಾವು ದಯಮಾಡಿ ನಡೆಸಿಕೊಡಬೇಕೆಂದು ಬಿನ್ನವಿಸಿಕೊಳ್ಳುವೆನು.

— ಭೀಮನಬೀಡಿನ ಒಬ್ಬ ಹಳೆಯ ವಿದ್ಯಾರ್ಥಿನಿ