ಕೇರಿಯ ಕೆಲಸವೂ ಕನ್ನಡದ ಕೆಲಸವೇ

ಹೊರನಾಡಿನ ಯಾವುದೇ ಕನ್ನಡ ಸಂಘದ ವಾರ್ಷಿಕ ವರದಿಯನ್ನು ತೆರೆದು ನೋಡಿದರೂ ಅದರ ಪರಿವಿಡಿ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ರಾಜ್ಯೋತ್ಸವ, ಭಾವಗೀತೆ ಸ್ಪರ್ಧೆ, ಯಕ್ಷಗಾನ ಅಥವಾ ತಾಳಮದ್ದಳೆ, ಅರಸಿನ ಕುಂಕುಮ, ವಿದ್ಯಾರ್ಥಿವೇತನ, ಹಿರಿಯ ಸದಸ್ಯರ ಸನ್ಮಾನ, ಅಗಲಿದವರಿಗೆ ಶ್ರದ್ಧಾಂಜಲಿ. ಇವೆಲ್ಲ ಬೇಕಾದವುಗಳೇ. ಇವುಗಳಿಗಾಗಿ ಮನೆಯ ಕೆಲಸವನ್ನು ಬದಿಗಿಟ್ಟು ದುಡಿದವರ ಋಣ ನಮ್ಮೆಲ್ಲರ ಮೇಲಿದೆ. ಆದರೆ ಅದೇ ವರದಿಯಲ್ಲಿ ಸಂಘದ ಬಾಗಿಲ ಮುಂದಿನ ಚರಂಡಿಯ ಮಾತಾಗಲಿ, ಸದಸ್ಯರು ದಿನವೂ ದಾಟುವ ಸೇತುವೆಯ ಮಾತಾಗಲಿ, ಕಟ್ಟಡ ಕೆಡವುವ ನೋಟೀಸು ಕೈಗೆ ಬಂದು ದಿಕ್ಕು ತೋಚದೆ ಕುಳಿತ ವೃದ್ಧ ದಂಪತಿಗಳ ಮಾತಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಅವು ಸಂಘದ ಕೆಲಸವಲ್ಲವೆಂದು ಯಾರೂ ಠರಾವು ಮಾಡಿಲ್ಲ. ಹಾಗೆಂದು ಎಲ್ಲರೂ ನಂಬಿಕೊಂಡಿದ್ದೇವೆ, ಅಷ್ಟೆ. ಈ ನಂಬಿಕೆಯನ್ನು ಒಮ್ಮೆ ಪರಿಶೀಲಿಸುವುದು ಒಳಿತೆಂದು ನಮಗೆ ತೋರುತ್ತದೆ. ಪರಿಶೀಲನೆಗೆ ಸಯನ್ನಿಗಿಂತ ತಕ್ಕ ಸ್ಥಳ ಇನ್ನೊಂದಿಲ್ಲ.

ಸಯನ್ ಎಂಬ ಹೆಸರಿನ ಹುಟ್ಟಿನ ಬಗ್ಗೆ ಹಲವು ಕಥೆಗಳಿವೆ. ಮರಾಠಿಯಲ್ಲಿ ಮಾತ್ರ ಈ ಊರು ಶೀವ. ಶೀವ ಎಂದರೆ ಗಡಿ. ನಮ್ಮ ಸೀಮೆ ಎಂಬ ಮಾತಿಗೆ ಹತ್ತಿರದ ನೆಂಟ. ಮುಂಬಯಿ ದ್ವೀಪ ಇಲ್ಲಿಗೆ ಮುಗಿಯುತ್ತಿತ್ತು. ಆಚೆಗೆ ಪೋರ್ಚುಗೀಸರ ಸಾಷ್ಟಿ. ಆ ಗಡಿಯನ್ನು ಕಾಯಲೆಂದೇ ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರು ಗುಡ್ಡದ ಮೇಲೆ ಕೋಟೆ ಕಟ್ಟಿದರು. 1896ರ ಪ್ಲೇಗಿನ ಅನಂತರ, 1898ರಲ್ಲಿ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್, ಮಾಟುಂಗಾ, ಸಯನ್ ಕಡೆ ಅಗಲವಾದ ರಸ್ತೆಗಳನ್ನು ಹಾಕಿದ ಮೇಲೆ ದಕ್ಷಿಣದಿಂದ ಬಂದ ಗುಮಾಸ್ತರು, ಅಧ್ಯಾಪಕರು, ಹೋಟೆಲು ಮಾಲಿಕರು ಈ ಭಾಗದಲ್ಲಿ ನೆಲೆಗೊಂಡರು. ದೇಶ ವಿಭಜನೆಯ ನಂತರ ಪಂಜಾಬಿನಿಂದ, ಸಿಂಧದಿಂದ ನಿರಾಶ್ರಿತರು ಬಂದರು. ಕೋಳಿ ಬೆಸ್ತರು ಎಲ್ಲರಿಗಿಂತ ಮೊದಲೇ ಇದ್ದರು. ರೈಲು ಹಳಿಯ ಆಚೆಗೆ ಧಾರಾವಿ. ಗಡಿಯೆಂಬ ಹೆಸರಿನ ಊರಿನಲ್ಲಿ ಇಷ್ಟು ಭಾಷೆಗಳ ಜನ ಒಂದೇ ನೀರಿನ ಕೊಳಾಯಿಯನ್ನು, ಒಂದೇ ಆಸ್ಪತ್ರೆಯನ್ನು ಹಂಚಿಕೊಂಡು ಬಾಳುತ್ತಿದ್ದಾರೆ.

ನಮ್ಮ ಹಿರಿಯರು ಸಂಘ ಕಟ್ಟುವುದರಲ್ಲಿ ಯಾರಿಗೂ ಹಿಂದೆ ಬಿದ್ದವರಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ವಡಾಲಾದಲ್ಲಿ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ತಲೆಯೆತ್ತಿತು. ಸಯನ್ನಿನಲ್ಲಿ ಗೋಕುಲ ಎದ್ದುನಿಂತಿತು. ಆ ಕಾಲದ ಸಂಘಗಳು ಏಕೆ ಹುಟ್ಟಿದವೆಂದು ನೆನಪಿಸಿಕೊಳ್ಳಬೇಕು. ಊರಿನಿಂದ ಬಂದಿಳಿದ ಹುಡುಗನಿಗೆ ತಲೆಯೂರಲು ಒಂದು ಚಾಪೆಯಷ್ಟು ಜಾಗ, ಹಗಲು ಹೋಟೆಲಿನಲ್ಲಿ ದುಡಿಯುವವನಿಗೆ ರಾತ್ರಿ ಶಾಲೆ, ಕಾಯಿಲೆ ಬಿದ್ದವನಿಗೆ ಔಷಧದ ಖರ್ಚು, ಸತ್ತವನಿಗೆ ಹೆಗಲು. ಅಂದಿನ ಕನ್ನಡದ ಕೆಲಸವೆಂದರೆ ಬದುಕಿನ ಕೆಲಸವೇ ಆಗಿತ್ತು. ವೇದಿಕೆ, ಹಾರ, ಶಾಲು ಇವೆಲ್ಲ ಆಮೇಲೆ ಬಂದವು.

ನಾವು ಒಳಮುಖವಾದದ್ದಕ್ಕೆ ಕಾರಣಗಳಿಲ್ಲದಿಲ್ಲ. 1966ರ ನಂತರ ಈ ನಗರದಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಮಹಾಜನ ಆಯೋಗದ ವರದಿ 1967ರಲ್ಲಿ ಬಂದಿತು. 1969ರ ಫೆಬ್ರವರಿಯಲ್ಲಿ ಬೆಳಗಾವಿಯ ಗಡಿ ತಂಟೆ ಮುಂಬಯಿಯ ಬೀದಿಗಿಳಿದು ಗಲಭೆಯಾಯಿತು, ಜೀವಗಳು ಹೋದವು, ದಕ್ಷಿಣದವರ ಹೋಟೆಲು ಅಂಗಡಿಗಳ ಮೇಲೆ ಕಲ್ಲು ಬಿದ್ದವು. ಆಗ ನಮ್ಮ ಹಿರಿಯರು ಕಲಿತ ಪಾಠ ಒಂದೇ: ತಲೆ ತಗ್ಗಿಸಿ ದುಡಿ, ಬೀದಿಯ ವಿಷಯಕ್ಕೆ ಹೋಗಬೇಡ, ಸಂಘದ ನಾಲ್ಕು ಗೋಡೆಗಳೊಳಗೆ ಕನ್ನಡ ಮಾತಾಡು. ಆ ಹೊತ್ತಿಗೆ ಅದು ವಿವೇಕವೇ ಆಗಿದ್ದಿತು. ಅಂದು ಹೆದರಿದವರನ್ನು ಹೇಡಿಗಳೆನ್ನುವ ಹಕ್ಕು ನಮಗಿಲ್ಲ. ಆದರೆ ಅಂದಿನ ಮಗುವಿನ ಮೊಮ್ಮಗು ಇಂದು ಇಲ್ಲಿನ ಮತದಾರ, ತೆರಿಗೆದಾರ, ಇಲ್ಲಿನ ಫ್ಲ್ಯಾಟಿನ ಒಡೆಯ. ಅವನನ್ನು ಇನ್ನೂ ಬಾಡಿಗೆಗೆ ಬಂದ ಅತಿಥಿಯ ಮನೋಭಾವದಲ್ಲಿಯೇ ಬೆಳೆಸುವುದು ಸರಿಯೆ?

ಮುಂಬಯಿಯಲ್ಲಿ ಕೇರಿಯ ಸಂಘಗಳ ಕಥೆ ಸಣ್ಣದಲ್ಲ. 1992-93ರ ಗಲಭೆಗಳ ಅನಂತರ ಹುಟ್ಟಿದ ಮೊಹಲ್ಲಾ ಸಮಿತಿಗಳು ಪೋಲೀಸರನ್ನೂ ನಿವಾಸಿಗಳನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸಿದವು. ನಮ್ಮ ಪಕ್ಕದ ಧಾರಾವಿಯಲ್ಲಿ ಭಾವೂ ಕೋರ್ಡೆ, ವಕಾರ್ ಖಾನ್ ಇಂಥವರು ಬೀದಿ ಬೀದಿ ಸುತ್ತಿ ನೆರೆಯವರ ನಡುವೆ ಮುರಿದ ಮಾತನ್ನು ಮತ್ತೆ ಬೆಸೆದರು. 1997ರ ಸುಮಾರಿಗೆ ಮಹಾನಗರಪಾಲಿಕೆ ಎ.ಎಲ್.ಎಂ. ಎಂಬ ವ್ಯವಸ್ಥೆಯನ್ನು ತಂದಿತು: ಒಂದು ಓಣಿಯ ನಿವಾಸಿಗಳು ಕೂಡಿ ಹಸಿ ಕಸ ಒಣ ಕಸ ಬೇರ್ಪಡಿಸಿ, ಗೊಬ್ಬರ ಮಾಡಿ, ರಸ್ತೆ ಚರಂಡಿಗಳ ದೂರನ್ನು ವಾರ್ಡ್ ಕಚೇರಿಗೆ ಒಟ್ಟಾಗಿ ಮುಟ್ಟಿಸುವುದು. ಘಾಟ್ಕೋಪರಿನ ಜೋಶಿ ಲೇನ್ ಅದಕ್ಕೆ ದಾರಿ ತೋರಿಸಿತು. ಕೆಲವು ಕಡೆ ಇದು ಚೆನ್ನಾಗಿ ನಡೆಯಿತು, ಕೆಲವು ಕಡೆ ಕಾಗದದಲ್ಲಿ ಉಳಿಯಿತು. ನಡೆದ ಕಡೆ ನಡೆದದ್ದು ನಾಲ್ಕಾರು ಮಂದಿ ವರ್ಷವಿಡೀ ಬೆನ್ನು ಹತ್ತಿದ್ದರಿಂದ.

ಸಯನ್ನಿಗೆ ಇಂಥ ಬೆನ್ನುಹತ್ತುವವರ ಅಗತ್ಯ ಹೆಚ್ಚು. ನಗರದ ಹಳೆಯ ಮಳೆನೀರು ಕಾಲುವೆಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕಕ್ಕೆ, ಅದೂ ಕಡಲು ಇಳಿದಿರುವ ಹೊತ್ತಿಗೆ ಹೊಂದುವಂತೆ ಕಟ್ಟಲಾಗಿತ್ತು. ಇದನ್ನು ಇಮ್ಮಡಿಗೊಳಿಸಬೇಕೆಂದು 1993ರ ವರದಿ ಹೇಳಿತು. 2005ರ ಜುಲೈ 26ರಂದು ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅಂಥ ದಿನ ಬಿಡಿ, ಸಾಧಾರಣ ದೊಡ್ಡ ಮಳೆಗೇ ಕಿಂಗ್ಸ್ ಸರ್ಕಲಿನ ಗಾಂಧಿ ಮಾರ್ಕೆಟ್ಟಿನಲ್ಲಿ, ಸಯನ್-ಕುರ್ಲಾ ನಡುವಿನ ಹಳಿಯಲ್ಲಿ ನೀರು ನಿಲ್ಲುವುದನ್ನು ನಾವೆಲ್ಲ ಬಲ್ಲೆವು. ನೀರು ಕೆಳಮಹಡಿಗೆ ನುಗ್ಗುವಾಗ ಆ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿ ಕನ್ನಡದವಳೋ ಗುಜರಾತಿಯೋ ಎಂದು ಕೇಳುವುದಿಲ್ಲ.

ಇನ್ನು ಸೇತುವೆ. 1912ರ ಕಾಲದ ಸಯನ್ ರೈಲ್ವೆ ಮೇಲ್ಸೇತುವೆಯನ್ನು ಕೆಡವಿ ಹೊಸದು ಕಟ್ಟಲೆಂದು 2024ರ ಆಗಸ್ಟ್ 1ರಿಂದ ವಾಹನಗಳಿಗೆ ಮುಚ್ಚಲಾಯಿತು. ಮುಚ್ಚುವ ದಿನಾಂಕವನ್ನು ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಲಾಗಿತ್ತು. ನಿವಾಸಿಗಳು ಆಕ್ಷೇಪಿಸಿದ್ದರು, ಮಕ್ಕಳ ಪರೀಕ್ಷೆಗಳು ಎದುರಿಗಿದ್ದವು. ಜನ ಒಟ್ಟಾಗಿ ಹೇಳಿದರೆ ದೊಡ್ಡ ಇಲಾಖೆಗಳೂ ಕೇಳಿಸಿಕೊಳ್ಳುತ್ತವೆಂಬುದಕ್ಕೆ ಇದು ಸಾಕ್ಷಿ. ಹಾಗೆ ಹೇಳಿದವರ ಸಾಲಿನಲ್ಲಿ ನಮ್ಮ ಸಂಘಗಳ ಮೊಹರು ಒತ್ತಿದ ಪತ್ರಗಳು ಎಷ್ಟಿದ್ದವು? ಪ್ರತಿಯೊಬ್ಬ ಸಂಘದ ಕಾರ್ಯದರ್ಶಿಯೂ ತನ್ನ ಕಡತ ನೋಡಿ ತನಗೆ ತಾನೇ ಉತ್ತರ ಹೇಳಿಕೊಳ್ಳಲಿ.

2017ರಲ್ಲಿ ಆಯ್ಕೆಯಾದ ಪಾಲಿಕೆಯ ಸಭೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ನಡುವಣ ವರ್ಷಗಳಲ್ಲಿ ವಾರ್ಡಿಗೆ ನಗರಸೇವಕನೇ ಇರಲಿಲ್ಲ, ಆಡಳಿತಾಧಿಕಾರಿಯೊಬ್ಬರೇ ಎಲ್ಲಕ್ಕೂ ದಿಕ್ಕು. ಇಂಥ ಕಾಲದಲ್ಲಿ ಕೇರಿಯ ಸಂಘವೊಂದೇ ಜನರಿಗೂ ಕಚೇರಿಗೂ ನಡುವಿನ ಸೇತುವೆ. ಎಫ್ ಉತ್ತರ ವಾರ್ಡಿನ ಕಚೇರಿ ಇರುವುದು ಮಾಟುಂಗಾದ ಭಾವೂ ದಾಜಿ ರಸ್ತೆಯಲ್ಲಿ. ಮೈಸೂರು ಅಸೋಸಿಯೇಷನ್ನಿನ ಭವನ ಇರುವುದೂ ಅದೇ ರಸ್ತೆಯಲ್ಲಿ. ನಾಟಕ ನೋಡಲು, ಉಪನ್ಯಾಸ ಕೇಳಲು ಆ ರಸ್ತೆಯಲ್ಲಿ ನೂರಾರು ಬಾರಿ ನಡೆದಿರುವ ನಾವು ವಾರ್ಡ್ ಕಚೇರಿಯ ಮೆಟ್ಟಿಲನ್ನು ಎಷ್ಟು ಬಾರಿ ಹತ್ತಿದ್ದೇವೆ?

ಇದೆಲ್ಲಕ್ಕಿಂತ ದೊಡ್ಡ ಸಂಗತಿ ಮನೆಗಳದ್ದು. ಸಯನ್, ಮಾಟುಂಗಾದ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಹೋಗುತ್ತಿವೆ. ಗುರು ತೇಗ್ ಬಹಾದೂರ್ ನಗರದಲ್ಲಿ ನಿರಾಶ್ರಿತರಿಗಾಗಿ 1958ರ ಸುಮಾರಿಗೆ ಕಟ್ಟಿದ 25 ಕಟ್ಟಡಗಳ ಪಂಜಾಬಿ ಕಾಲನಿ ಶಿಥಿಲವೆಂದು ಘೋಷಿತವಾಗಿ, ಸುಮಾರು 1,200 ಕುಟುಂಬಗಳು ಮನೆ ಬಿಟ್ಟು ಹೊರಬೀಳಬೇಕಾಯಿತು. ಅವರು ಒಟ್ಟಾಗಿ ನಿಂತದ್ದರಿಂದ ಅವರ ಮಾತಿಗೆ ಸರಕಾರದಲ್ಲಿಯೂ ನ್ಯಾಯಾಲಯದಲ್ಲಿಯೂ ತೂಕ ಬಂತು. ನಮ್ಮವರಾದರೋ ಒಂದೊಂದು ಸೊಸೈಟಿಯಲ್ಲಿ ಒಂದೆರಡು ಮನೆಗಳಂತೆ ಚದರಿದ್ದಾರೆ. 2019ರ ಸರಕಾರಿ ಮಾರ್ಗಸೂಚಿಯ ಪ್ರಕಾರ ಹೌಸಿಂಗ್ ಸೊಸೈಟಿಯ ಪುನರ್ನಿರ್ಮಾಣದ ಸಭೆಗೆ ಮೂರರಲ್ಲಿ ಎರಡು ಪಾಲು ಸದಸ್ಯರ ಹಾಜರಿ ಬೇಕು, ಅರ್ಧಕ್ಕಿಂತ ಹೆಚ್ಚಿನವರ ಒಪ್ಪಿಗೆ ಬೇಕು. ಇದನ್ನು ತಿಳಿಯದೆ, ಮರಾಠಿಯ ಕಾಗದವನ್ನು ಓದಲಾರದೆ, ಮಗ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವಾಗ, ತೋರಿಸಿದಲ್ಲಿ ಸಹಿ ಹಾಕಿದ ಹಿರಿಯರನ್ನು ನಾವು ಕಂಡಿದ್ದೇವೆ. ಬಾಡಿಗೆ ಮನೆಗೆಂದು ಠಾಣೆಗೋ ಡೊಂಬಿವಿಲಿಗೋ ಹೋದ ಕುಟುಂಬ ಮರಳಿ ಬರುವುದು ಎಲ್ಲ ಸಲವೂ ಆಗುವುದಿಲ್ಲ. ಹೀಗೆ ಒಂದೊಂದು ಮನೆ ಕಳಚಿಕೊಂಡರೆ ಸಂಘದ ಸಭಾಂಗಣ ಉಳಿದರೂ ಅದರೊಳಗೆ ಕೂರುವವರು ಯಾರು? ಪಾಲಿಕೆಯ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಸೊರಗಿದ್ದನ್ನು ಕಂಡು ಕಣ್ಣೀರು ಹಾಕುವ ನಾವು, ಮಕ್ಕಳಿರುವ ಮನೆಗಳೇ ಈ ಭಾಗದಿಂದ ಸರಿದುಹೋದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇನ್ನೊಂದು ಮಾತು ಕಹಿಯಾದರೂ ಹೇಳಬೇಕು. ಈ ನಗರದಲ್ಲಿ ಕಟ್ಟಡ ಕೆಡವುವ, ಕಟ್ಟುವ ಕೆಲಸಗಳಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿಯ ಕಡೆಯಿಂದ ಬಂದು ಮಣ್ಣು ಹೊರುವವರಿದ್ದಾರೆ. ಅವರ ಬಾಯಲ್ಲಿರುವುದೂ ಕನ್ನಡವೇ. ಅವರಿಗೆ ಕಾಯಿದೆಯ ಪ್ರಕಾರ ನೋಂದಣಿಯ, ನೆರವಿನ ಹಕ್ಕಿದೆ. ನಮ್ಮ ಸಂಘಗಳ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರು ಹುಡುಕಿದರೆ ಸಿಗುವುದು ಕಷ್ಟ. ನಮ್ಮ ಕೇರಿಯನ್ನು ನಾವು ಕಣ್ತೆರೆದು ನೋಡಿದರೆ ಮೊದಲು ಕಾಣಬೇಕಾದ ಕನ್ನಡಿಗರು ಅವರೇ.

ಇದಕ್ಕೆ ಬರುವ ಆಕ್ಷೇಪಣೆಗಳು ನಮಗೆ ತಿಳಿಯದ್ದೇನಲ್ಲ. ಮೊದಲನೆಯದು, ಕಾರ್ಯಕರ್ತರೆಲ್ಲಿದ್ದಾರೆ ಎಂಬುದು. ಕಿಂಗ್ಸ್ ಸರ್ಕಲಿನಲ್ಲಿ ಜಿ.ಎಸ್.ಬಿ. ಸೇವಾ ಮಂಡಳ 1955ರಿಂದ ನಡೆಸುತ್ತ ಬಂದಿರುವ ಐದು ದಿನಗಳ ಗಣೇಶೋತ್ಸವವನ್ನು ನೋಡಿದವರು ಈ ಪ್ರಶ್ನೆ ಕೇಳಲಾರರು. 2025ರಲ್ಲಿ ಆ ಉತ್ಸವಕ್ಕೆ ಮಾಡಿಸಿದ ವಿಮೆಯ ಮೊತ್ತವೇ 474 ಕೋಟಿ ರೂಪಾಯಿಗಳನ್ನು ಮೀರಿತ್ತು. ಪೋಲೀಸು, ಅಗ್ನಿಶಾಮಕ, ಪಾಲಿಕೆ ಇಷ್ಟೂ ಇಲಾಖೆಗಳ ಅನುಮತಿ ಪಡೆದು, ಜನಸಾಗರವನ್ನು ಸಾಲಾಗಿ ನಿಲ್ಲಿಸಿ ಊಟ ಬಡಿಸುವ ಶಕ್ತಿ ಕರಾವಳಿಯಿಂದ ಬಂದ ಈ ಸಮುದಾಯಗಳಿಗೆ ಇದೆ. ಆ ಶಕ್ತಿಯ ಹತ್ತರಲ್ಲೊಂದು ಪಾಲು ಉಳಿದ 360 ದಿನಗಳ ಬೀದಿಗೆ ದೊರೆತರೆ ಸಾಕು. ಎರಡನೆಯದು, ರಾಜಕೀಯ ನುಸುಳುತ್ತದೆ ಎಂಬ ಭಯ. ಅದು ನಿಜವಾದ ಭಯ. ಚುನಾವಣೆಯ ಹೊತ್ತಿಗೆ ಸಂಘವನ್ನು ಮತಗಳ ಗಂಟೆಂದು ಹೊತ್ತುಕೊಂಡು ಹೋಗುವವರು ಎಲ್ಲ ಪಕ್ಷಗಳಲ್ಲಿಯೂ ಇದ್ದಾರೆ. ಸಂಘ ಯಾವ ಅಭ್ಯರ್ಥಿಯ ಪರವಾಗಿಯೂ ನಿಲ್ಲಬಾರದು, ಯಾವ ವೇದಿಕೆಯನ್ನೂ ಎರವಲು ಕೊಡಬಾರದು. ಆದರೆ ಚರಂಡಿಯ ದೂರು ಬರೆಯುವುದು ಪಕ್ಷ ರಾಜಕೀಯವಲ್ಲ. ಮೂರನೆಯದು, ಇದರಿಂದ ಕನ್ನಡಕ್ಕೇನು ಲಾಭ ಎಂಬುದು. ದಕ್ಷಿಣ ಭಾರತೀಯರು 1932ರಲ್ಲಿ ತಮ್ಮ ಮಕ್ಕಳಿಗೆಂದು ಆರಂಭಿಸಿದ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿ ಸಯನ್ನಿನಲ್ಲಿ 1960ರಲ್ಲಿ ಕಾಲೇಜು ತೆರೆದಾಗ ಅದು ಎಲ್ಲ ಭಾಷೆಗಳ ಮಕ್ಕಳಿಗೂ ಬಾಗಿಲು ತೆರೆಯಿತು. ಇಂದು ಅದನ್ನು ಹೊರಗಿನವರ ಸಂಸ್ಥೆಯೆಂದು ಇಲ್ಲಿ ಯಾರೂ ಕರೆಯುವುದಿಲ್ಲ. ನೆರೆಯವರಿಗೆ ಉಪಯೋಗಕ್ಕೆ ಬಂದ ಸಂಸ್ಥೆಯನ್ನು ನೆರೆಯವರೇ ಕಾಯುತ್ತಾರೆ.

ಆದ್ದರಿಂದ ದೊಡ್ಡ ಯೋಜನೆಗಳಿಗಿಂತ ನಾಳೆಯೇ ಆರಂಭಿಸಬಹುದಾದ ಕೆಲವು ಸಣ್ಣ ಕೆಲಸಗಳನ್ನು ಸೂಚಿಸುತ್ತೇವೆ. ಸಂಘದ ವಾಚನಾಲಯದಲ್ಲಿ ವಾರಕ್ಕೊಂದು ಸಂಜೆ ಒಂದು ಮೇಜು ಹಾಕಿ, ಮರಾಠಿ ಬಲ್ಲ ಒಬ್ಬರು, ಕಾಯಿದೆ ಬಲ್ಲ ಒಬ್ಬರು ಕುಳಿತುಕೊಳ್ಳಲಿ. ಪಾಲಿಕೆಯ, ಸೊಸೈಟಿಯ, ಬಿಲ್ಡರನ ಕಾಗದಗಳನ್ನು ತಂದವರಿಗೆ ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಓದಿ ಹೇಳಲಿ. ಬೇರೆ ಭಾಷೆಯವರು ಬಂದರೂ ಹಿಂದಿರುಗಿಸದಿರಲಿ. ಕಟ್ಟಡ ಕಾರ್ಮಿಕರ ನೋಂದಣಿಯ ಅರ್ಜಿಗಳನ್ನೂ ಅದೇ ಮೇಜಿನಲ್ಲಿ ತುಂಬಿಸಬಹುದು. ಮಳೆಗಾಲಕ್ಕೆ ಮೊದಲು ಕೆಳಮಹಡಿಯಲ್ಲಿ ಒಂಟಿಯಾಗಿರುವ ಹಿರಿಯರ ಪಟ್ಟಿಯೊಂದನ್ನು ಓಣಿವಾರು ಸಿದ್ಧಪಡಿಸಲಿ. ವಾರದ ದಿನಗಳಲ್ಲಿ ಖಾಲಿಯಿರುವ ಸಭಾಂಗಣವನ್ನು ಓಣಿಯ ನಿವಾಸಿಗಳ ಸಭೆಗೆ ಬಾಡಿಗೆಯಿಲ್ಲದೆ ಕೊಡಲಿ. ಮತ್ತು ಪ್ರತಿಯೊಬ್ಬ ಸದಸ್ಯನೂ ತನ್ನ ಸೊಸೈಟಿಯ ವಾರ್ಷಿಕ ಸಭೆಗೆ ತಪ್ಪದೆ ಹೋಗಲಿ, ಅಲ್ಲಿ ಮರಾಠಿಯಲ್ಲಿ ಮಾತನಾಡಲಿ. ಮರಾಠಿ ಕಲಿತದ್ದರಿಂದ ಕನ್ನಡ ಸವೆದುಹೋದ ಉದಾಹರಣೆ ನಮಗೆ ತಿಳಿದಿಲ್ಲ. ಮನೆಯಲ್ಲಿ ಆಡದಿದ್ದುದರಿಂದ ಸವೆದ ಉದಾಹರಣೆಗಳು ಮಾತ್ರ ಬೇಕಾದಷ್ಟಿವೆ.

ಸಯನ್ನಿನ ಲೋಕಮಾನ್ಯ ತಿಲಕ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಅರ್ಮಿಡಾ ಫೆರ್ನಾಂಡಿಸ್ ಅವರು ತಾಯಿಹಾಲಿನ ಬ್ಯಾಂಕನ್ನು ಆರಂಭಿಸಿದರು. ಏಷ್ಯಾದಲ್ಲಿಯೇ ಅದು ಮೊದಲನೆಯದು. ಒಬ್ಬ ತಾಯಿ ಕೊಟ್ಟ ಹಾಲು ಯಾರದೋ ನಿತ್ರಾಣ ಶಿಶುವಿನ ಬಾಯಿ ಸೇರುತ್ತದೆ. ಕೊಟ್ಟವಳ ಭಾಷೆ, ಕುಡಿದ ಮಗುವಿನ ಭಾಷೆ ಯಾವುದೆಂದು ಸೀಸೆಯ ಮೇಲೆ ಬರೆದಿರುವುದಿಲ್ಲ. ಸಯನ್ನಿನಲ್ಲಿ ನೆರೆಹೊರೆಯೆಂದರೆ ಏನೆಂಬುದನ್ನು ಆ ತಾಯಂದಿರು ಮಾತಿಲ್ಲದೆ ತಿಳಿಸಿಕೊಟ್ಟಿದ್ದಾರೆ. ಮುಂದಿನ ವಾರ್ಷಿಕ ವರದಿಯನ್ನು ಬರೆಯುವಾಗ ನಮ್ಮ ಸಂಘಗಳ ಕಾರ್ಯದರ್ಶಿಗಳು ರಾಜ್ಯೋತ್ಸವದ ಪುಟದ ಪಕ್ಕದಲ್ಲಿ ಕೇರಿಗಾಗಿ ಒಂದು ಪುಟವನ್ನು ಖಾಲಿ ಬಿಡಲಿ. ವರ್ಷ ಮುಗಿಯುವುದರೊಳಗೆ ಅದನ್ನು ತುಂಬುವುದು ಸದಸ್ಯರಾದ ನಮ್ಮೆಲ್ಲರ ಹೊಣೆ.