ಮುಚ್ಚಿದ ಕಡತ ತೆರೆಯುವವರು ಯಾರು?

ಕಲಬುರಗಿಯಲ್ಲಿ ಫಾರ್ಮಸಿ ಓದುತ್ತಿದ್ದ ಯುವಕನೊಬ್ಬನನ್ನು ಹೈದರಾಬಾದ್ ಪೊಲೀಸರು 1994ರ ಜನವರಿಯಲ್ಲಿ ಹಿಡಿದೊಯ್ದರು. ರೈಲು ಸ್ಫೋಟಗಳ ಆರೋಪ, ಟಾಡಾ ಕಾಯ್ದೆ, ಕೊನೆಗೆ ಜೀವಾವಧಿ ಶಿಕ್ಷೆ. ಪೊಲೀಸರ ವಶದಲ್ಲಿದ್ದಾಗ ಬರೆಸಿಕೊಂಡ ತಪ್ಪೊಪ್ಪಿಗೆಯೇ ಮುಖ್ಯ ಸಾಕ್ಷ್ಯ. ಸುಪ್ರೀಂ ಕೋರ್ಟ್ 2016ರ ಮೇ 11ರಂದು ಖುಲಾಸೆ ಮಾಡುವ ಹೊತ್ತಿಗೆ ಜೈಲಿನಲ್ಲಿ 22 ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. 1956ರವರೆಗೆ ಕಲಬುರಗಿ (ಆಗಿನ ಗುಲ್ಬರ್ಗಾ) ಜಿಲ್ಲೆಯದೇ ತಾಲ್ಲೂಕಾಗಿದ್ದ, ಈಗ ತೆಲಂಗಾಣದಲ್ಲಿರುವ ತಾಂಡೂರಿನವರಿಗೆ ಇದು ಪರವೂರಿನ ಸುದ್ದಿಯಲ್ಲ. ತಡವಾದರೂ ನ್ಯಾಯ ಸಿಕ್ಕಿತಲ್ಲ, ಮೇಲ್ಮನವಿ ಇರುವುದೇ ಅದಕ್ಕೆ ಎನ್ನುವವರಿದ್ದಾರೆ. ಆದರೆ ಮೇಲ್ಮನವಿ ತೂಗುವುದು ಕಡತದಲ್ಲಿ ಇರುವುದನ್ನು. ಕಡತಕ್ಕೆ ಸೇರದೆ ಉಳಿದದ್ದನ್ನು ಹುಡುಕುವ ಹೊಣೆ ಯಾರ ಮೇಲೂ ಇಲ್ಲ. 2003ರ ನಾಸಿಕ್ ಕೊಲೆ ಪ್ರಕರಣ ನೋಡಿ. ಅಲೆಮಾರಿ ಸಮುದಾಯದ ಆರು ಮಂದಿಗೆ 2009ರಲ್ಲಿ ಗಲ್ಲು ಖಾಯಂ ಮಾಡಿದ್ದು ಸುಪ್ರೀಂ ಕೋರ್ಟೇ. ಅವರಲ್ಲಿ ಮೂವರ ಶಿಕ್ಷೆಯನ್ನು ಹೈಕೋರ್ಟ್ ಜೀವಾವಧಿಗೆ ಇಳಿಸಿದ್ದನ್ನೂ ಮತ್ತೆ ಗಲ್ಲಿಗೆ ಏರಿಸಿತ್ತು. ದಾಳಿಯಲ್ಲಿ ಬದುಕುಳಿದ ಸಾಕ್ಷಿ ಪೊಲೀಸರ ಆಲ್ಬಮ್‌ನಲ್ಲಿ ಗುರುತಿಸಿದ್ದು ಬೇರೆಯೇ ನಾಲ್ವರನ್ನು ಎಂಬುದಕ್ಕೆ ಬೆಲೆ ಸಿಕ್ಕಿದ್ದು 2019ರಲ್ಲಿ, ಅದೇ ನ್ಯಾಯಾಲಯ ಆರೂ ಮಂದಿಯನ್ನು ಬಿಡುಗಡೆ ಮಾಡಿ ತಲಾ 5 ಲಕ್ಷ ರೂಪಾಯಿ ಕೊಡಿಸಿದಾಗ.

ಖುಲಾಸೆಯಾದವರೆಲ್ಲ ನಿರಪರಾಧಿಗಳಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಸಾಕ್ಷಿ ತಿರುಗಿಬಿದ್ದು ಪಾರಾದವರು ಎಲ್ಲ ಊರಲ್ಲೂ ಇದ್ದಾರೆ. ಆ ಕಾರಣಕ್ಕೇ ನಿರಪರಾಧಿಯನ್ನೂ ಹೀಗೆ ಪಾರಾದವನನ್ನೂ ಬೇರ್ಪಡಿಸಿ ನೋಡುವ ಸ್ವತಂತ್ರ ಸಂಸ್ಥೆ ಬೇಕು. ನಮ್ಮ ಕಾನೂನು ಅತ್ತ ತಲೆ ಹಾಕಿಲ್ಲ. ಆಧಾರವಿಲ್ಲದೆ ಬಂಧನಕ್ಕೊಳಗಾದವರಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 399ನೇ ಕಲಂ ಕೊಡಿಸುವ ಪರಿಹಾರ ಹೆಚ್ಚೆಂದರೆ 1000 ರೂಪಾಯಿ, ಅದೂ ಬಂಧನ ಮಾಡಿಸಿದವರ ಜೇಬಿನಿಂದ. ಕಾನೂನು ಆಯೋಗ 2018ರ ತನ್ನ 277ನೇ ವರದಿಯಲ್ಲಿ ಪರಿಹಾರಕ್ಕಾಗಿ ವಿಶೇಷ ನ್ಯಾಯಾಲಯಗಳು ಬೇಕೆಂದು ಕೇಳಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಸಂಹಿತೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಆ ವರದಿಯಾದರೂ ಹೊರಬಂದವರ ಪರಿಹಾರದ ಮಾತಾಡಿತೇ ಹೊರತು ಇನ್ನೂ ಒಳಗಿರುವವರ ಮಾತಾಡಲಿಲ್ಲ. ಬ್ರಿಟನ್ನಿನಲ್ಲಿ 1997ರಿಂದ ಅಂಥವರ ಪ್ರಕರಣಗಳನ್ನೂ ನೋಡುವ ಸ್ವತಂತ್ರ ಪರಿಶೀಲನಾ ಆಯೋಗವಿದೆ. ಪೊಲೀಸರಿಂದ ದಾಖಲೆ ತರಿಸಿಕೊಳ್ಳುವ, ಪ್ರಕರಣವನ್ನು ಮತ್ತೆ ನ್ಯಾಯಾಲಯಕ್ಕೆ ಕಳಿಸುವ ಅಧಿಕಾರ ಅದಕ್ಕಿದೆ. ಅದೂ ಎಡವಿದೆ: ಎರಡು ಸಲ ಅರ್ಜಿ ತಳ್ಳಿಹಾಕಿಸಿಕೊಂಡಿದ್ದ, 17 ವರ್ಷ ಜೈಲಿನಲ್ಲಿ ಕಳೆದಿದ್ದ ವ್ಯಕ್ತಿಯೊಬ್ಬ 2023ರಲ್ಲಿ ಡಿಎನ್‌ಎ ಆಧಾರದಲ್ಲಿ ದೋಷಮುಕ್ತನಾದ. ಆದರೂ ಅವನಿಗೆ ಪರೀಕ್ಷೆಗೆ ಕಳಿಸಲು ಮಾದರಿಯೊಂದು ಉಳಿದಿತ್ತು. ತಾಂಡೂರಿನ ಕಲ್ಲುಗಣಿಯಲ್ಲಿ ದುಡಿಯುವ, ಕನ್ನಡವಷ್ಟೇ ಬಲ್ಲವನ ಹೇಳಿಕೆ ತೆಲುಗಿನಲ್ಲಿ ದಾಖಲಾಗಿ, ತೀರ್ಪು ಇಂಗ್ಲಿಷಿನಲ್ಲಿ ಬಂದರೆ, ತಪ್ಪಾದದ್ದು ಎಲ್ಲಿ ಎಂದು ಹೇಳುವುದಕ್ಕೂ ಆತನಿಗೆ ಇನ್ನೊಬ್ಬರು ಬೇಕು. ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಕೊಡುತ್ತದೆ, ಆದರೆ ಅಷ್ಟೇ ಸಾಲದು. ಶಿಕ್ಷೆಯ ನಂತರವೂ ಮೂಲ ದಾಖಲೆ, ವಸ್ತುಸಾಕ್ಷ್ಯ ಕಾಪಾಡಿ, ಕೇಳಿದಾಗ ಒದಗಿಸುವ ಕೆಲಸ ಸರ್ಕಾರದ್ದೇ ಆಗಬೇಕು.