ಅಂಗಡಿಯ ಮೆಟ್ಟಿಲು

ಅಂಗಡಿಯೆಂಬುದು ಮಾರುವವನ ಸ್ವತ್ತು. ಆದರೆ ಅದರ ಬಾಗಿಲು ಸರ್ವರಿಗೂ ಸೇರಿದುದು. ಹಣ ತೆತ್ತು ಕೊಳ್ಳಲು ಬಂದವರನ್ನು ಹೊರಗೆ ನಿಲ್ಲಿಸುವುದು ವ್ಯಾಪಾರಧರ್ಮಕ್ಕೆ ಒಪ್ಪುವುದಿಲ್ಲ. ಹೀಗಿರಲು, ನಡೆಯಲಾರದವರು, ಕಣ್ಣು ಕಾಣದವರು, ಕಿವಿ ಕೇಳದವರು ಬಂದಾಗ ಅವರಿಗೆ ಅನುಕೂಲವನ್ನು ಒದಗಿಸುವುದು ವ್ಯಾಪಾರಿಯ ಕರ್ತವ್ಯವೋ, ಅಥವಾ ಅವನ ಇಷ್ಟಕ್ಕೆ ಬಿಟ್ಟ ಉಪಕಾರವೋ? ಅದು ಕರ್ತವ್ಯವೆಂದೇ ನಮ್ಮ ಅಭಿಪ್ರಾಯ.

ದಿಲ್ಲಿಯಲ್ಲಿ ಓದುವ ನಾವು ದೃಷ್ಟಾಂತಕ್ಕಾಗಿ ದೂರ ಹೋಗಬೇಕಾಗಿಲ್ಲ. ಯಮುನೆಯ ಆಚೆಯ ದಡದಲ್ಲಿರುವ ಲಕ್ಷ್ಮೀ ನಗರವನ್ನೇ ನೋಡೋಣ. 2010ರ ಜನವರಿಯಲ್ಲಿ ಅಲ್ಲಿಗೆ ಮೆಟ್ರೊ ರೈಲು ಬಂದಿತು. ನಿಲ್ದಾಣವು ಎತ್ತರದಲ್ಲಿದ್ದರೂ ಗಾಲಿಕುರ್ಚಿಯವರು ಲಿಫ್ಟಿನಲ್ಲಿ ಇಳಿಯಬಹುದು. ಕಣ್ಣು ಕಾಣದವರಿಗೆ ದಾರಿ ತಿಳಿಯಲೆಂದು ನೆಲದಲ್ಲಿ ಉಬ್ಬುಗೆರೆಯ ಹಾಸುಗಳುಂಟು. ಆದರೆ ಬೀದಿಗೆ ಬಂದೊಡನೆ ಸ್ಥಿತಿ ಬೇರೆಯಾಗುತ್ತದೆ. ಲೆಕ್ಕಪರಿಶೋಧಕರ ಪರೀಕ್ಷೆಗೆ ತರಬೇತಿ ಕೊಡುವ ಸಂಸ್ಥೆಗಳಿಗೆ ಈ ಬಡಾವಣೆ ಹೆಸರಾದುದು. ಅವುಗಳಲ್ಲಿ ಅನೇಕವು ಅಂಗಡಿಗಳ ಮೇಲಣ ಅಂತಸ್ತುಗಳಲ್ಲಿವೆ. ಲೆಕ್ಕ ಕಲಿಯಲು ಬೇಕಾದುದು ಬುದ್ಧಿಯೇ ಹೊರತು ಕಾಲಲ್ಲ. ಆದರೂ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಲಾರದ ವಿದ್ಯಾರ್ಥಿಗೆ ಪಾಠವೇ ದೊರೆಯದು. ಸರ್ಕಾರವು ಬೀದಿಯವರೆಗೆ ತಂದು ಬಿಟ್ಟವನನ್ನು ವ್ಯಾಪಾರಿಯು ಬಾಗಿಲಲ್ಲಿ ತಡೆದಂತಾಯಿತು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಸರ್ಕಾರಿ ಸಂಸ್ಥೆಗಳನ್ನು ಮಾತ್ರವಲ್ಲದೆ ಖಾಸಗಿಯಾಗಿ ಸೇವೆ ಒದಗಿಸುವವರನ್ನೂ ಹೊಣೆಗಾರರನ್ನಾಗಿ ಮಾಡಿದೆ. 2012ರಲ್ಲಿ ಜೀಜಾ ಘೋಷ್ ಎಂಬ ಮಹಿಳೆಯನ್ನು, ಆಕೆಯ ಅಂಗವೈಕಲ್ಯದ ಕಾರಣದಿಂದ, ಕೋಲ್ಕತ್ತದಲ್ಲಿ ಒಂದು ಖಾಸಗಿ ವಿಮಾನದಿಂದ ಇಳಿಸಲಾಯಿತು. 2016ರಲ್ಲಿ ಸುಪ್ರೀಂ ಕೋರ್ಟು ಆಕೆಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2024ರ ನವೆಂಬರಿನಲ್ಲಿ, ದೃಷ್ಟಿಹೀನರಾದ ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯವು ಸೌಕರ್ಯದ ನಿಯಮಗಳು ಬರಿಯ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕೆಂದು ವಿಧಿಸಿತು. ಉಪಕಾರಕ್ಕೆ ಕಾಯಬೇಕು, ಹಕ್ಕನ್ನು ಕೇಳಬಹುದು. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ಚಿಕ್ಕ ಅಂಗಡಿಯವನು ಇಷ್ಟೆಲ್ಲ ವೆಚ್ಚವನ್ನು ಹೇಗೆ ಭರಿಸಿಯಾನು ಎಂದು ಕೆಲವರು ಕೇಳುವರು. ಪ್ರಶ್ನೆ ನ್ಯಾಯವಾದುದೇ. ಇಳಿಜಾರು ಹಾದಿಯು ಒಂದು ಅಡಿ ಏರಬೇಕಾದರೆ 12 ಅಡಿ ಉದ್ದವಿರಬೇಕೆಂಬುದು ಕಟ್ಟಡಶಾಸ್ತ್ರದ ಲೆಕ್ಕ; ಮೂರು ಅಡಿ ಎತ್ತರದ ಅಂಗಡಿಗೆ 36 ಅಡಿ ಬೇಕು. ಗಲ್ಲಿಯಲ್ಲಿ ಅಷ್ಟು ಸ್ಥಳವೆಲ್ಲಿ? ಅಧಿನಿಯಮವೂ ಇದನ್ನರಿತು, ಮಿತಿಮೀರಿದ ಹೊರೆಯಾಗದಂತಹ ಹೊಂದಾಣಿಕೆಯನ್ನೇ ಕೇಳುತ್ತದೆ. ಆದುದರಿಂದ ಶಕ್ತಿಗೆ ತಕ್ಕಂತೆ ಹೊಣೆ. ಹೊಸದಾಗಿ ಕಟ್ಟುವ ದೊಡ್ಡ ಮಳಿಗೆಯು ಲಿಫ್ಟನ್ನೂ ಅಗಲವಾದ ಬಾಗಿಲನ್ನೂ ಇಡಲೇಬೇಕು. ಚಿಕ್ಕ ಅಂಗಡಿಯು ಆರು ಅಂಗುಲದ ಮೆಟ್ಟಿಲಿಗೆ ಆರು ಅಡಿಯ ಹಲಗೆಯನ್ನಿಡಲಿ. ಅದೂ ಆಗದಿದ್ದರೆ ಕೈಗೆಟುಕುವಲ್ಲಿ ಒಂದು ಗಂಟೆಯನ್ನು ಕಟ್ಟಿ, ಕರೆದಾಗ ಹೊರಬಂದು ಸಾಮಾನು ಕೊಡಲಿ. ಕಿವಿ ಕೇಳದವರಿಗೆ ಬೆಲೆಯನ್ನು ಬರೆದು ತೋರಿಸಲು ಒಂದು ಚೂರು ಕಾಗದ ಸಾಕು. ಹಣವಿಲ್ಲವೆಂಬುದು ಲಿಫ್ಟಿಗೆ ಉತ್ತರವಾದೀತು, ಗಂಟೆಗೆ ಆಗದು.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಾವು ಬಲ್ಲೆವು. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಲ್ಲಿ ಅಂಧ ಬಾಲಕರನ್ನು ಸಂಗೀತಗಾರರನ್ನಾಗಿ ಮಾಡಿದರು. ತಕ್ಕ ಏರ್ಪಾಡು ಇದ್ದಲ್ಲಿ ದೇಹದ ಕೊರತೆ ತಡೆಯಾಗದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

2011ರ ಜನಗಣತಿಯಂತೆ ಭಾರತದಲ್ಲಿ ಅಂಗವಿಕಲರು 2 ಕೋಟಿ 68 ಲಕ್ಷ. ವೃದ್ಧಾಪ್ಯವು ಬಂದಾಗ ನಮ್ಮಲ್ಲಿ ಎಷ್ಟೋ ಜನ ಮೆಟ್ಟಿಲೆದುರು ನಿಲ್ಲಬೇಕಾದೀತು. ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ವ್ಯಾಪಾರಿಗಳು, ಕೆಲವರು ಮನೆಗಳನ್ನು ಕಟ್ಟುವ ಎಂಜಿನಿಯರರು ಆಗುವರು. ಬಾಗಿಲನ್ನು ಇಡುವ ಮೊದಲೇ, ಈ ಬಾಗಿಲಿನಿಂದ ಯಾರು ಒಳಗೆ ಬರಲಾರರು ಎಂದು ಅವರು ಕೇಳಿಕೊಳ್ಳಲಿ.